ಕುಳಿತಲ್ಲೇ ಸಾಗುವ ದಾರಿ

ದೇವರೆಡೆಗೆ ಜೀವದ ಪಯಣ ಎಂಬ ಮಾತನ್ನು ನಾವು ಎಷ್ಟು ಸಲೀಸಾಗಿ ಆಡುತ್ತೇವೆಂದರೆ, ಅದರೊಳಗೆ ಅಡಗಿರುವ ತೊಡಕು ಥಟ್ಟನೆ ಕಣ್ಣಿಗೆ ಬೀಳುವುದಿಲ್ಲ. ಪಯಣವೆಂದ ಮೇಲೆ ಹೊರಟ ಊರೊಂದು, ಸೇರುವ ಊರೊಂದು, ನಡುವೆ ಹಾದಿಯೊಂದು ಇರಬೇಕು; ಆದರೆ ಯಾವನು ಇಲ್ಲದ ಎಡೆಯೇ ಇಲ್ಲವೋ, ಯಾವನು ಮನುಷ್ಯನಿಗೆ ಅವನ ಕೊರಳ ನರಕ್ಕಿಂತಲೂ ಸಮೀಪದಲ್ಲಿರುವನೆಂದು ಕುರಾನು ಸಾರುವುದೋ, ಅಂಥವನ ಬಳಿಗೆ ಯಾವ ಹಾದಿಯನ್ನು ಹಿಡಿದು, ಎಷ್ಟು ದೂರ ನಡೆಯಬೇಕು? ಸೂಫಿ ಮಾರ್ಗದ ಆಚಾರ್ಯರು ಈ ತೊಡಕನ್ನು ಅರಿಯದವರಲ್ಲ. ಅರಿತೂ ಅವರು ಯಾತ್ರೆಯ ಭಾಷೆಯನ್ನು ಕೈಬಿಡಲಿಲ್ಲ; ದೂರವಿರುವುದು ಜೀವಕ್ಕೂ ಅದರ ಸ್ವಂತ ನಿಜಕ್ಕೂ ನಡುವೆ ಎಂದು ಹೇಳಿ, ಹಾದಿಯನ್ನು ಒಳಕ್ಕೆ ತಿರುಗಿಸಿದರು.

ಆ ಒಳದಾರಿಯನ್ನು ಅಳೆಯಲು ಅವರು ಕಂಡುಕೊಂಡ ಕ್ರಮಗಳು ಹಲವು. ಕೇಡಿಗೆ ಪ್ರೇರಿಸುವ ನಫ್ಸ್ (ಜೀವದ ತಾನೆಂಬ ಭಾವ), ತನ್ನನ್ನು ತಾನೇ ಹಳಿದುಕೊಳ್ಳುವ ನಫ್ಸ್, ಶಾಂತಿಯನ್ನು ಪಡೆದ ನಫ್ಸ್ ಎಂದು ಕುರಾನಿನಲ್ಲಿ ಬರುವ ಮೂರು ಅವಸ್ಥೆಗಳನ್ನು ಮೂರು ಮೆಟ್ಟಿಲುಗಳಾಗಿ ಎಣಿಸಿದವರುಂಟು. ಸಾಧಕನು ತನ್ನ ಯತ್ನದಿಂದ ಗಳಿಸಿ ನಿಲ್ಲುವ ನೆಲೆಗೆ ಮಕಾಮ್ ಎಂದೂ, ಕೃಪೆಯಿಂದ ತಾನಾಗಿ ಬಂದು ತಾನಾಗಿ ಹೋಗುವ ಭಾವಕ್ಕೆ ಹಾಲ್ ಎಂದೂ ವಿಂಗಡಿಸಿದವರುಂಟು. ಹನ್ನೆರಡನೆಯ ಶತಮಾನದ ಪಾರಸಿ ಕವಿ ಅತ್ತಾರನು ತನ್ನ ಪಕ್ಷಿಗಳ ಕಾವ್ಯದಲ್ಲಿ ಅನ್ವೇಷಣೆ, ಪ್ರೇಮ, ಜ್ಞಾನ, ನಿರಪೇಕ್ಷೆ, ಏಕತ್ವ, ವಿಸ್ಮಯ, ಕೊನೆಗೆ ದಾರಿದ್ರ್ಯ ಮತ್ತು ವಿಲಯ ಎಂಬ ಏಳು ಕಣಿವೆಗಳನ್ನು ದಾಟಿಸಿದನು. ಇಂಥ ಪಟ್ಟಿಗಳಲ್ಲಿ ನನಗೆ ಅಷ್ಟಾಗಿ ಆಸ್ಥೆಯಿಲ್ಲ. ನಡೆದವನ ಕಾಲಿನ ನೋವಿಗಿಂತ ಬರೆದವನ ಬುದ್ಧಿಯ ಅಚ್ಚುಕಟ್ಟೇ ಅವುಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ಆದರೆ ಅತ್ತಾರನ ಕಥೆಯ ಮುಕ್ತಾಯ ಮಾತ್ರ ಪಟ್ಟಿಯನ್ನು ಮೀರಿದ್ದು. ಹೊರಟ ಅಸಂಖ್ಯ ಹಕ್ಕಿಗಳಲ್ಲಿ ಉಳಿದ ಮೂವತ್ತು, ತಮ್ಮ ರಾಜನಾದ ಸೀಮುರ್ಗನ ಸನ್ನಿಧಿಯಲ್ಲಿ ಕಂಡದ್ದು ತಮ್ಮನ್ನೇ.

ಹೊಳಲ್ಕೆರೆ ಸೀಮೆಯ ತಾಳ್ಯದಂಥ ಊರಿನವನಿಗೆ ಮೆಟ್ಟಿಲುಗಳ ಮಾತು ಹೊಸದೇನಲ್ಲ. ಒಂದು ಕಡೆ ಚಿತ್ರದುರ್ಗದ ಮುರುಘಾ ಮಠ, ಇನ್ನೊಂದು ಕಡೆ ಸಿರಿಗೆರೆಯ ಮಠ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಷಟ್‌ಸ್ಥಲದ ಹೆಸರುಗಳು ಪ್ರವಚನಗಳ ಮೂಲಕ, ಅರ್ಥವಾಗಲಿ ಆಗದಿರಲಿ, ಈ ಸೀಮೆಯ ಕಿವಿಗಳಲ್ಲಿ ಎಂದೋ ನೆಲೆಗೊಂಡಿವೆ. ಮೊಹರಮ್ಮಿನಲ್ಲಿ ಪಂಜಾ ಹೊತ್ತವರ ಮುಂದೆ ಎಲ್ಲ ಜಾತಿಯವರೂ ಕೈಮುಗಿಯುವ ನಾಡೂ ಇದೇ. ಆದ್ದರಿಂದಲೇ ಇರಬೇಕು, ಸೂಫಿಗಳ ಹಾದಿಯೂ ಶರಣರ ಸ್ಥಲಮಾರ್ಗವೂ ಒಂದೇ ಎಂದು ವೇದಿಕೆಯ ಮೇಲೆ ನಿಂತು ಘೋಷಿಸುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಅವರ ಸದುದ್ದೇಶವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದು ಪಟ್ಟಿಯ ಪಕ್ಕದಲ್ಲಿ ಮತ್ತೊಂದು ಪಟ್ಟಿಯನ್ನಿಟ್ಟು ಹೊಂದಿಸುವುದು ಪಂಡಿತರ ವಿನೋದ. ಎರಡು ಮಾರ್ಗಗಳೂ ನಿಜವಾಗಿ ಸಂಧಿಸುವ ಸ್ಥಳ ಬೇರೊಂದಿದೆ. ಅವು ನಿಜವಾಗಿ ಅಗಲುವ ಸ್ಥಳವೂ ಒಂದಿದೆ.

ಕನ್ನಡ ನಾಡಿನಲ್ಲಿ ಸೂಫಿ ಮಾರ್ಗದ ಮಹಾಪುರುಷನೆಂದರೆ ಕಲಬುರಗಿಯ ಖ್ವಾಜಾ ಬಂದೇನವಾಜ್ ಗೇಸೂದರಾಜರು. 1321ರಲ್ಲಿ ಹುಟ್ಟಿ, ದೆಹಲಿಯ ನಸೀರುದ್ದೀನ್ ಚಿರಾಗರ ಶಿಷ್ಯರಾಗಿ, 1398ರಲ್ಲಿ ತೈಮೂರನ ದಂಡು ದೆಹಲಿಯ ಮೇಲೆ ಬಂದಾಗ ಇಳಿವಯಸ್ಸಿನಲ್ಲಿ ಆ ನಗರವನ್ನು ಬಿಟ್ಟು, ಫಿರೋಜ್ ಷಹ ಬಹಮನಿಯ ರಾಜಧಾನಿಯಲ್ಲಿ ನೆಲೆಸಿ, 1422ರಲ್ಲಿ ಅಲ್ಲಿಯೇ ದೇಹವಿಟ್ಟ ಇವರು, ಅಧ್ಯಾತ್ಮದ ಉನ್ಮಾದವನ್ನು ಸುಲಭವಾಗಿ ನಂಬಿದವರಲ್ಲ. ಇರುವುದೆಲ್ಲ ಒಂದೇ ಸತ್ತೆ ಎಂಬ ಇಬ್ನ್ ಅರಬಿಯ ಪಂಥದ ವಾದವನ್ನು ಅವರು ಖಂಡಿಸಿದರು. ಸಾಧಕನು ಎಷ್ಟು ಎತ್ತರಕ್ಕೆ ಏರಿದರೂ ಷರೀಅತ್ತಿನ ವಿಧಿಯಿಂದ ಅವನಿಗೆ ಬಿಡುಗಡೆಯಿಲ್ಲವೆಂದರು. ಭಕ್ತರ ಜಾತ್ರೆಯಾಗಿ ನಡೆಯುವ ಇಂದಿನ ಉರುಸನ್ನು ಮಾತ್ರ ಕಂಡವರಿಗೆ ಈ ಕಠಿಣ ಆಚಾರ್ಯನ ಮುಖ ಕಾಣುವುದಿಲ್ಲ.

ಆದರೆ ನಾನು ಹೆಚ್ಚು ಹೊತ್ತು ನಿಲ್ಲಬಯಸುವುದು ಕಲಬುರಗಿಯಲ್ಲಲ್ಲ, ಬಿಜಾಪುರದ ಹೊರಗಿನ ಶಾಹಪುರದ ದಿಬ್ಬದಲ್ಲಿ. ಗೇಸೂದರಾಜರ ಚಿಶ್ತಿ ಪರಂಪರೆಗೇ ಸೇರಿದ ಶಾಹ ಮೀರಾಂಜಿ, ಅವರ ಮಗ ಬುರ್ಹಾನುದ್ದೀನ್ ಜಾನಂ, ಮೊಮ್ಮಗ ಅಮೀನುದ್ದೀನ್ ಆಲಾ ಎಂಬ ಮೂರು ತಲೆಮಾರಿನ ಗುರುಗಳು ಅಲ್ಲಿ ಆಗಿಹೋದರು. ಅಮೀನರು ತೀರಿಕೊಂಡದ್ದು 1675ರಲ್ಲಿ. ಅರಬ್ಬಿ ಪಾರಸಿಗಳನ್ನು ಅರಿಯದವರಿಗೂ ಮಾರ್ಗ ತಿಳಿಯಬೇಕೆಂದು ಅವರು ಆಡುನುಡಿಯಾದ ದಖನಿಯಲ್ಲಿ ಬರೆದರು. ಮೀರಾಂಜಿಯವರ ಕೃತಿಗಳಲ್ಲಿ ಮಾರ್ಗವನ್ನು ಅರಸುವವಳು ಖುಷ್ ಎಂಬ ಹೆಸರಿನ ಹುಡುಗಿ. ಪಂಚಭೂತಗಳನ್ನೂ ಅವುಗಳ ಇಪ್ಪತ್ತೈದು ಗುಣಗಳನ್ನೂ ಎಣಿಸುವ ಈ ದೇಶದ ತತ್ತ್ವಕ್ರಮವನ್ನು ಈ ಪರಂಪರೆಯವರು ಸಂಕೋಚವಿಲ್ಲದೆ ತಮ್ಮದಾಗಿಸಿಕೊಂಡರು. ಇದಕ್ಕೂ ಮಿಗಿಲಾಗಿ, ಈ ಸಂಪ್ರದಾಯದ ಬಳಗದಲ್ಲಿ ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ಬೆಳೆದ ಒಂದು ಬಗೆಯ ಹಾಡುಗಳಿವೆ. ಚಕ್ಕೀನಾಮಾ ಎಂದರೆ ಬೀಸುವ ಕಲ್ಲಿನ ಪದ. ಚರ್ಖಾನಾಮಾ ಎಂದರೆ ರಾಟೆಯ ಪದ. ತೊಟ್ಟಿಲ ಪದಗಳೂ ಉಂಟು. ಇತಿಹಾಸಕಾರ ರಿಚರ್ಡ್ ಈಟನ್ ಅವರು ಬಿಜಾಪುರದ ಸೂಫಿಗಳನ್ನು ಕುರಿತು 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇವುಗಳ ಮಹತ್ತ್ವವನ್ನು ಎತ್ತಿ ತೋರಿದರು.

ಈ ಪದಗಳ ಯುಕ್ತಿಯನ್ನು ಗಮನಿಸಬೇಕು. ಬೀಸುವ ಕಲ್ಲಿನ ನೆಟ್ಟಗಿನ ಹಿಡಿಗೂಟ ಅಲಿಫ್ ಅಕ್ಷರವಾಗುತ್ತದೆ, ಅಲ್ಲಾಹನ ಹೆಸರಿನ ಮೊದಲಕ್ಷರ. ಕಲ್ಲನ್ನು ತನ್ನ ಸುತ್ತ ತಿರುಗಿಸುವ ನಡುವಿನ ಕೀಲು ಪೈಗಂಬರರಾಗುತ್ತದೆ. ಕಲ್ಲಿನ ಒಂದೊಂದು ಸುತ್ತಿಗೂ ದೇವನಾಮದ ಪಲ್ಲವಿ ಬರುತ್ತದೆ. ಖಾನ್‌ಖಾದಲ್ಲಿ ಶಿಷ್ಯನಾದ ಮುರೀದನು ಗುರುವಾದ ಪೀರನ ಎದುರು ಕುಳಿತು ಉಸಿರಿಗೆ ಹೊಂದಿಸಿ ಮಾಡುವ ಜಿಕ್ರ್ ಎಂಬ ನಾಮಸ್ಮರಣೆಯನ್ನು, ಅತ್ತ ಹೋಗಲು ಬಿಡುವಿಲ್ಲದ ಹೆಂಗಸು ನಸುಕಿನಲ್ಲಿ ಜೋಳ ಬೀಸುತ್ತ ತನ್ನ ತೋಳಿನ ತಿರುವಿಗೆ ಹೊಂದಿಸಿ ಮಾಡುತ್ತಾಳೆ. ಅವಳ ಯಾತ್ರೆಗೆ ಮೈಲಿಗಳಿಲ್ಲ. ಕಲ್ಲು ಎಷ್ಟು ಸುತ್ತಿದರೂ ಇದ್ದಲ್ಲೇ ಇದೆ, ಕೀಲಿನಿಂದ ಗೇಣು ದೂರವೂ ಸರಿದಿಲ್ಲ. ಆದರೆ ಕಾಳು ಕಾಳಾಗಿ ಉಳಿದಿಲ್ಲ.

ಕನ್ನಡಿಗನಿಗೆ ಇಲ್ಲಿ ಕದಿರ ರೆಮ್ಮವ್ವೆ ನೆನಪಾಗದೆ ಇರಳು. ಹನ್ನೆರಡನೆಯ ಶತಮಾನದ ಈ ಶರಣೆ ನೂಲುವ ಕಾಯಕದವಳು. ತಾನು ತಿರುಗಿಸುವ ರಾಟೆಯ ಅಂಗಗಳಿಗೆ ದೇವತೆಗಳ ಹೆಸರಿಟ್ಟು, ನೂಲುವುದನ್ನೇ ಸಾಧನೆಯಾಗಿ ಹೇಳಿದವಳು. ಅವಳಿಗೂ ಚರ್ಖಾನಾಮೆಯ ಕರ್ತೃಗಳಿಗೂ ನಡುವೆ ಐದು ಶತಮಾನಗಳ ಅಂತರ. ಒಬ್ಬರಿಂದ ಒಬ್ಬರು ಪಡೆದರೆಂದು ಸಾಧಿಸಹೊರಡುವುದು ವ್ಯರ್ಥ. ಆದರೂ ಎರಡು ಮಾರ್ಗಗಳು ನಿಜವಾಗಿ ಸಂಧಿಸುವ ಸ್ಥಳವೆಂದು ನಾನು ಮೊದಲು ಹೇಳಿದ್ದು ಇದನ್ನೇ: ದುಡಿಮೆಯ ಉಪಕರಣವನ್ನು ಕೆಳಗಿಡದೆಯೇ ದಾರಿ ಸಾಗುತ್ತದೆ ಎಂಬ ನಂಬಿಕೆಯಲ್ಲಿ ಅವು ಕೂಡುತ್ತವೆ. ವ್ಯತ್ಯಾಸವೂ ಇಲ್ಲದಿಲ್ಲ. ರೆಮ್ಮವ್ವೆ ತನ್ನ ರಾಟೆಯ ಬಗೆಗೆ ತಾನೇ ನುಡಿದಳು; ಚಕ್ಕೀನಾಮೆಗಳನ್ನು ಬಹುಮಟ್ಟಿಗೆ ಬರೆದವರು ಗಂಡಸರು, ಹಾಡಿದವರು ಹೆಂಗಸರು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದಲ್ಲ. ಹಾಡುವವಳಿಗೆ ಅಲಿಫ್ ಎಂದರೇನೆಂದು ತಿಳಿದಿತ್ತೆ? ಸತ್ತೆಯ ನೆಲೆಗಳು, ನಫ್ಸಿನ ಭೇದಗಳು ಇವುಗಳಲ್ಲಿ ಒಂದನ್ನೂ ಅರಿಯದೆ, ತೋಳಿನ ದಣಿವನ್ನು ಮರೆಯಲೆಂದು ಮಾತ್ರ ಹಾಡಿದವಳು ಯಾತ್ರಿಕಳಾದಳೆಂದು ಹೇಳಬಹುದೆ? ಜ್ಞಾನವೇ ದಾರಿಯೆನ್ನುವವರು ಇಲ್ಲವೆಂದೇ ಉತ್ತರಿಸುವರು. ಸೂಫಿಗಳ ಉತ್ತರ ಬೇರೆ. ನಾಮವು ಮೊದಲು ನಾಲಗೆಯ ಮೇಲಿರುತ್ತದೆ, ಮನಸ್ಸು ಎಲ್ಲೋ ಅಲೆಯುತ್ತಿದ್ದರೂ ಇರುತ್ತದೆ. ಬಿಡದೆ ಆಡುತ್ತಿದ್ದರೆ ಅದು ಹೃದಯಕ್ಕಿಳಿಯುತ್ತದೆ. ಅಲ್ಲಿಂದ ಇನ್ನೂ ಒಳಗಣ ರಹಸ್ಯಕ್ಕೆ, ಸಿರ್ ಎಂದು ಅವರು ಕರೆಯುವ ನೆಲೆಗೆ ಇಳಿದಾಗ, ನೆನೆಯುವವನು ತಾನು ನೆನೆಯುತ್ತಿದ್ದೇನೆಂಬುದನ್ನೂ ಮರೆಯುತ್ತಾನೆ. ಮೊದಲನೆಯ ನೆಲೆಯನ್ನು ಅವರು ಕೀಳೆನ್ನಲಿಲ್ಲ, ಅಲ್ಲಿಯೇ ನಿಲ್ಲುವುದನ್ನು ಮಾತ್ರ ಒಪ್ಪಲಿಲ್ಲ. ಈ ಉತ್ತರ ನನಗೆ ಬಹುಮಟ್ಟಿಗೆ ಒಪ್ಪಿತ. ಪೂರ್ತಿ ಅಲ್ಲ, ಏಕೆಂದರೆ ನಾಲಗೆಯಲ್ಲೇ ಮುಗಿದುಹೋಗುವ ನಾಮವೇ ಲೋಕದಲ್ಲಿ ಹೆಚ್ಚು. ಈಟನ್ ಅವರ ನಿರೂಪಣೆಯಿಂದಲೂ ತೋರುವುದು, ಈ ಹಾಡುಗಳು ಮನೆಮನೆಗೆ ಒಯ್ದದ್ದು ಗಹನ ತತ್ತ್ವವನ್ನಲ್ಲ, ದೇವರ, ಪೈಗಂಬರರ ಮತ್ತು ಪೀರನ ಮೇಲಣ ಭಕ್ತಿಯನ್ನು ಎಂಬುದೇ.

ಇನ್ನು ಮಾರ್ಗಗಳು ಅಗಲುವ ಸ್ಥಳ. ಸೂಫಿಗಳು ತಾನೆಂಬುದು ಅಳಿಯುವುದನ್ನು ಫನಾ ಎಂದರು. ಹೊರಗಿನವರು ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ, 922ರಲ್ಲಿ ಬಾಗ್ದಾದಿನಲ್ಲಿ ವಧೆಗೊಂಡ ಸೂಫಿ ಹಲ್ಲಾಜನ ಕಥೆಯನ್ನು ಹೇಳಿ ಕಣ್ಣೊರೆಸಿಕೊಳ್ಳುತ್ತಾರೆ. ಆದರೆ ಅದೇ ಬಾಗ್ದಾದಿನ ಜುನೈದರು, ಹಲ್ಲಾಜನಿಗಿಂತ ಹಿರಿಯರು, ಫನಾ ಆದ ಬಳಿಕ ಬಕಾ ಎಂಬುದೊಂದುಂಟು, ಅಳಿದವನು ದೇವರಲ್ಲಿ ಉಳಿದು ಎಚ್ಚರಕ್ಕೆ ಮರಳಬೇಕು ಎಂದು ಬೋಧಿಸಿದರು. ದೇವರೆಡೆಗೆ ಸಾಗುವ ಪಯಣಕ್ಕೆ ಕೊನೆಯುಂಟು, ದೇವರಲ್ಲಿ ಸಾಗುವ ಪಯಣಕ್ಕೆ ಕೊನೆಯಿಲ್ಲ, ಅದರಾಚೆಗೆ ದೇವರೊಡನೆ ಜನರ ನಡುವೆ ಮರಳಿ ಬರುವ ಪಯಣವೊಂದಿದೆ ಎಂದು ನಂತರದವರು ವಿಸ್ತರಿಸಿದರು. ಹದಿನಾರನೆಯ ಶತಮಾನದ ಅಬ್ದುಲ್ ಕುದ್ದೂಸ್ ಗಂಗೋಹಿಯವರು, ಸಪ್ತಗಗನಗಳನ್ನೇರಿದ ಪೈಗಂಬರರು ಮರಳಿ ಬಂದರು, ನಾನಾಗಿದ್ದರೆ ಬರುತ್ತಿರಲಿಲ್ಲ ಎಂಬರ್ಥದ ಮಾತನ್ನಾಡಿದರಂತೆ. ಕವಿ ಇಕ್ಬಾಲರು ಇದನ್ನೆತ್ತಿಕೊಂಡು, ಅನುಭಾವಿಗೂ ಪ್ರವಾದಿಗೂ ಇರುವ ಭೇದವೇ ಈ ಮರಳುವಿಕೆಯೆಂದು ವಿವೇಚಿಸಿದರು. ನನಗೆ ಗಂಗೋಹಿಯವರ ಮಾತು ಹೆಚ್ಚು ಮಾನುಷವೆನಿಸುತ್ತದೆ, ಜುನೈದರ ಬೋಧೆ ಹೆಚ್ಚು ಕಷ್ಟದ್ದು.

ಶರಣರ ಐಕ್ಯದಲ್ಲಿ ಅಂಗವು ಲಿಂಗದಲ್ಲಿ ಸಮರಸವಾದ ಮೇಲೆ ಎರಡೆಂಬ ಎಣಿಕೆ ಉಳಿಯುವುದಿಲ್ಲ, ಮರಳುವುದಕ್ಕೆ ಬೇರೊಬ್ಬನಿಲ್ಲ. ಗೇಸೂದರಾಜರ ಸೂಫಿ ಮಾತ್ರ ಪರಮಾವಸ್ಥೆಯಲ್ಲಿಯೂ ದಾಸನೇ, ಒಡೆಯನು ಒಡೆಯನೇ. ಇಷ್ಟು ದೊಡ್ಡ ಭೇದವನ್ನು ಸೌಹಾರ್ದದ ಹೆಸರಿನಲ್ಲಿ ಮರೆಮಾಚಿದರೆ ಎರಡು ಮಾರ್ಗಗಳಿಗೂ ಅವಮಾನ.

ಶಿಶುನಾಳದ ಷರೀಫರನ್ನು (1819–1889) ಯಾವ ಕಡೆಗೆ ಸೇರಿಸಬೇಕೆಂದು ಕೆಲವರು ಕೇಳುವುದುಂಟು. ಮುಸಲ್ಮಾನರ ಮನೆಯಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣ ಗುರುವಿನ ಶಿಷ್ಯನಾಗಿ, ಶರಣರ ನುಡಿಗಟ್ಟಿನಲ್ಲಿ ಹಾಡಿದ ಅವರ ಪದಗಳಲ್ಲಿ ಮನೆ, ಹೊಲ, ಗಿರಣಿ, ಸಂತೆ ಎಲ್ಲವೂ ದಾರಿಯ ಗುರುತುಗಳಾಗಿ ಬರುತ್ತವೆ. ಬೀಸುವ ಕಲ್ಲಿನ ಪದಗಳ ಬಳಗದವರು ಅವರೆಂಬುದಕ್ಕೆ ಅಷ್ಟು ಸಾಕು. ಆದರೆ ಅಂತ್ಯದಲ್ಲಿ ಉಳಿಯುವುದು ಒಬ್ಬನೋ ಇಬ್ಬರೋ ಎಂಬ ಪ್ರಶ್ನೆಗೆ ಅವರ ಹಾಡುಗಳಿಂದ ಒಂದು ಸಿದ್ಧಾಂತವನ್ನು ಹೆಕ್ಕಿ ತೆಗೆಯಹೊರಟವರು, ಒಂದು ಪದದಿಂದ ಒಂದನ್ನೂ ಮತ್ತೊಂದು ಪದದಿಂದ ಅದಕ್ಕೆ ವಿರುದ್ಧವಾದುದನ್ನೂ ಪಡೆದು, ಮತ್ತೆ ಮೊದಲಿನಿಂದ ಓದಬೇಕಾಗುತ್ತದೆ.