ಚಂದ್ರನ ಸಾಕ್ಷಿ

ಸೂರ್ಯನ ಒಡಲಿನ ಬಿಸಿ ಸುಮಾರು 1.5 ಕೋಟಿ ಡಿಗ್ರಿ. ಅದರ ಎರಡೂವರೆ ಲಕ್ಷ ಪಟ್ಟು, ಅಂದರೆ ಸುಮಾರು 4 ಲಕ್ಷ ಕೋಟಿ ಡಿಗ್ರಿ ಬಿಸಿಯನ್ನು ಅಳೆದಿದ್ದೇವೆ ಎಂದು ನ್ಯೂಯಾರ್ಕ್ ರಾಜ್ಯದ ಬ್ರೂಕ್‌ಹೇವನ್ ಪ್ರಯೋಗಾಲಯ 2010ರಲ್ಲಿ ಸಾರಿತು. 3.8 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ ಚಿನ್ನದ ನ್ಯೂಕ್ಲಿಯಸ್‌ಗಳನ್ನು ಎದುರುಬದುರಾಗಿ ಓಡಿಸಿ ಡಿಕ್ಕಿ ಹೊಡೆಸಿದ್ದರು. ಪ್ರೋಟಾನು, ನ್ಯೂಟ್ರಾನುಗಳೇ ಕರಗಿ ಕ್ವಾರ್ಕ್-ಗ್ಲೂಆನ್‌ಗಳ ದ್ರವವಾದವು. ವಿಶ್ವ ಹುಟ್ಟಿದ ಮೊದಲ ಕೆಲವು ಮೈಕ್ರೋಸೆಕೆಂಡು ಎಲ್ಲವೂ ಇದೇ ಸ್ಥಿತಿಯಲ್ಲಿತ್ತು ಎನ್ನುತ್ತಾರೆ.

ಕಾಲೇಜಿನಲ್ಲಿ ಇದನ್ನು ಪಾಠ ಮಾಡಿದಾಗಲೆಲ್ಲ ಯಾರಾದರೊಬ್ಬರು ಏಳುತ್ತಿದ್ದರು: "ಮೇಡಂ, ಇದು ದೇವರ ಕೆಲಸಕ್ಕೆ ಕೈ ಹಾಕಿದ ಹಾಗಾಗಲಿಲ್ಲವಾ?" ನನಗೆ ಹಾಗನ್ನಿಸಿಲ್ಲ. ಬಿಸಿ ಅಪಾರ, ನಿಜ. ಆದರೆ ಅದು ಹಿಡಿಯುವ ಜಾಗ ಒಂದು ನ್ಯೂಕ್ಲಿಯಸ್ಸಿನಷ್ಟು. ಡಿಕ್ಕಿಯ ಒಟ್ಟು ಶಕ್ತಿ ಹಾರುವ ಸೊಳ್ಳೆಗಳ ಒಂದು ಸಣ್ಣ ಗುಂಪಿನದಷ್ಟೇ. ಇನ್ನು, ಅಲ್ಲಿ ಕಂಡದ್ದೆಲ್ಲ ಆ ಚಿನ್ನದಲ್ಲೂ ಅದರ ವೇಗದಲ್ಲೂ ಅಡಗಿದ್ದದ್ದೇ. ಕಾರಣದಲ್ಲಿ ಇಲ್ಲದ್ದು ಕಾರ್ಯದಲ್ಲಿ ಬಾರದು ಎಂದು ಸಾಂಖ್ಯರು ವಾದಿಸಿದ್ದನ್ನು ಆ ಹುಡುಗರಿಗೆ ಹೇಳುತ್ತಿದ್ದೆ.

ನನ್ನನ್ನು ಕಾಡಿದ ಧರ್ಮಪ್ರಶ್ನೆ ಬೇರೆಯದು. ಚಿನ್ನವನ್ನು ಡಿಕ್ಕಿ ಹೊಡೆಸುವ ಆ ಯಂತ್ರ ಆಗಿನ್ನೂ ಓಡಿರಲಿಲ್ಲ. 1999ರ ಜುಲೈ ತಿಂಗಳ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಓದುಗರೊಬ್ಬರ ಪತ್ರ ಬಂತು: ಇದರಿಂದ ಭೂಮಿಯನ್ನೇ ನುಂಗುವ ಕಪ್ಪುಕುಳಿ ಹುಟ್ಟೀತೇ? ಭೌತವಿಜ್ಞಾನಿ ಫ್ರಾಂಕ್ ವಿಲ್ಚೆಕ್ ಇಲ್ಲವೆಂದರು. ಜೊತೆಗೆ, ತಾಗಿದ್ದನ್ನೆಲ್ಲ ತನ್ನಂತೆ ಮಾಡಿಕೊಳ್ಳಬಹುದಾದ 'ಸ್ಟ್ರೇಂಜ್‌ಲೆಟ್' ಎಂಬ ಊಹೆಯ ಕಣವನ್ನೂ ಹೆಸರಿಸಿ, ಅದರ ಭಯವೂ ಬೇಡವೆಂದರು. ಆದರೂ ಜನ ಹೆದರಿದರು. ಪ್ರಯೋಗಾಲಯದ ನಿರ್ದೇಶಕ ಜಾನ್ ಮಾರ್ಬರ್ಗರ್ ಈ ಅಪಾಯವನ್ನು ತೂಗಿ ವರದಿ ಕೊಡಲು ಒಂದು ಸಮಿತಿ ಮಾಡಿದರು.

ಸಮಿತಿ ಚಂದ್ರನನ್ನು ಸಾಕ್ಷಿಗೆ ಕರೆಯಿತು. ಗಾಳಿಯ ಹೊದಿಕೆಯಿಲ್ಲದ ಆ ನೆಲಕ್ಕೆ ವಿಶ್ವಕಿರಣಗಳಲ್ಲಿರುವ ಕಬ್ಬಿಣದ ನ್ಯೂಕ್ಲಿಯಸ್‌ಗಳು ನೂರಾರು ಕೋಟಿ ವರ್ಷಗಳಿಂದ ಅಂಥದೇ ರಭಸದಲ್ಲಿ ಬಡಿಯುತ್ತಿವೆ. ಚಂದ್ರ ಚಂದ್ರನಾಗಿಯೇ ಇದ್ದಾನೆ. ಈ ವಾದ ಮೊದಲು ಓದಿದಾಗ ಕೈ ಮುಗಿಯಬೇಕೆನಿಸಿತು. ತಮ್ಮ ಜಾಣತನವನ್ನು ನಂಬಿ ಎಂದು ಅವರು ಹೇಳಲಿಲ್ಲ. ಯಾರು ಬೇಕಾದರೂ ತಲೆಯೆತ್ತಿ ನೋಡಬಹುದಾದದ್ದನ್ನು ತೋರಿಸಿದರು.

ಆದರೂ ಒಂದು ಕೊರತೆ ಉಳಿಯಿತು. ಸಮಿತಿಯ ನಾಲ್ವರೂ ಭೌತವಿಜ್ಞಾನಿಗಳು. ಒಬ್ಬರು ವಿಲ್ಚೆಕ್, ಇನ್ನೊಬ್ಬರು ಅದೇ ಯಂತ್ರದ ಫೋಬೋಸ್ ಪ್ರಯೋಗದ ಮುಂದಾಳು. ಅವರ ಪ್ರಾಮಾಣಿಕತೆಯನ್ನು ನಾನು ಶಂಕಿಸುವುದಿಲ್ಲ. ಆದರೆ ಅಪಾಯದಲ್ಲಿ ಎಲ್ಲರ ಪಾಲೂ ಇದ್ದಾಗ, ಅದನ್ನು ತೂಗುವಲ್ಲಿ ಒಬ್ಬ ರೈತ, ಒಬ್ಬ ನರ್ಸ್, ಒಬ್ಬ ಪಾದ್ರಿ ಕೂತಿರಬೇಕಿತ್ತು. ವಿಷಯ ತಿಳಿಯದವರು ಏನು ಹೇಳಿಯಾರು ಎಂದು ಸಹೋದ್ಯೋಗಿಗಳು ಕೇಳುತ್ತಿದ್ದರು. ಪ್ರಶ್ನೆ ಕೇಳಿಯಾರು! ಆ ಒಂದು ಪತ್ರವಿಲ್ಲದಿದ್ದರೆ ಈ ಸಮಿತಿಯೇ ಆಗುತ್ತಿತ್ತೋ ಇಲ್ಲವೋ.

2000ದ ಜೂನ್‌ನಲ್ಲಿ ಮೊದಲ ಡಿಕ್ಕಿ ನಡೆಯಿತು, ಭೂಮಿಗೆ ಏನೂ ಆಗಲಿಲ್ಲ. ವಿಜ್ಞಾನ ಗೆದ್ದಿತೆಂದು ಅನೇಕರು ಹೇಳುವುದು ಇದನ್ನು ನೆನೆದೇ. ನಾನು ನೆನೆಯುವುದು ಹಿಂದಿನ ವರ್ಷದ ಸಮಿತಿಯ ಆ ವರದಿಯನ್ನು: ಸ್ವಿಚ್ ಒತ್ತುವ ಮೊದಲೇ, ಅಪರಿಚಿತನೊಬ್ಬನ ಭಯಕ್ಕೆ ಕೂತು ಬರೆದ ಉತ್ತರವನ್ನು.