ದಾಂಪತ್ಯಕ್ಕೆ ಎಷ್ಟು ಐಶ್ವರ್ಯ ಸಾಕು?

ಮನಸ್ಸಿಗೆ ಒಪ್ಪಿದವನನ್ನು ವರಿಸಬೇಕೋ, ಬಾಳಿಗೆ ಆಧಾರವಾಗುವಷ್ಟು ಸಂಪತ್ತುಳ್ಳವನನ್ನು ವರಿಸಬೇಕೋ? ವಿವಾಹಯೋಗ್ಯಳಾದ ಮಗಳಿರುವ ಮನೆಯಲ್ಲಿ ಒಂದಲ್ಲ ಒಂದು ದಿನ ಈ ಪ್ರಶ್ನೆ ಏಳುತ್ತದೆ. ಪ್ರಶ್ನೆ ಪುರಾತನವಾದುದಾದರೂ ಪ್ರತಿಯೊಂದು ಮನೆಗೂ ಅದು ಹೊಸದಾಗಿಯೇ ಬರುತ್ತದೆ. ಅದಕ್ಕೆ ಕೊಡುವ ಉತ್ತರದ ಫಲವನ್ನು ಇಬ್ಬರು ನಲವತ್ತು ಐವತ್ತು ವರ್ಷಗಳ ಕಾಲ ಅನುಭವಿಸಬೇಕಾಗುತ್ತದೆ.

ಉದಾಹರಣೆಗಾಗಿ ಜವಳಿ ವ್ಯಾಪಾರಿಯೊಬ್ಬರ ಮನೆಯನ್ನು ಭಾವಿಸಬಹುದು. ಮಗಳು ಎಂ.ಎಸ್‌ಸಿ. ಮುಗಿಸಿ ಶಾಲೆಯೊಂದರಲ್ಲಿ ಅಧ್ಯಾಪಿಕೆಯಾಗಿದ್ದಾಳೆ. ಸಮಾಜದೊಳಗಿನಿಂದಲೇ ಎರಡು ಸಂಬಂಧಗಳು ಬಂದಿವೆ. ಒಂದು ಸಗಟು ವ್ಯಾಪಾರದ ಮನೆತನ. ಪೇಟೆಯಲ್ಲಿ ಎರಡು ಅಂಗಡಿ, ಒಂದು ಗೋದಾಮು, ಸ್ವಂತ ಮನೆ. ಇನ್ನೊಬ್ಬ ವರ ಖಾಸಗಿ ಕಾಲೇಜಿನ ಉಪನ್ಯಾಸಕ. ಬಾಡಿಗೆ ಮನೆ, ವೃದ್ಧ ತಂದೆತಾಯಿ, ತಂಗಿಯ ಓದಿಗಾಗಿ ಮಾಡಿದ ಸಾಲ. ಮೂರು ವರ್ಷಗಳ ಪರಿಚಯದಿಂದ ಮಗಳ ಮನಸ್ಸು ಈ ಎರಡನೆಯವನಲ್ಲಿ ನೆಲೆಗೊಂಡಿದೆ. ‘ಪ್ರೀತಿಯಿಂದ ಒಲೆ ಉರಿಯುವುದಿಲ್ಲ, ಮಗಳೇ’ ಎನ್ನುತ್ತಾರೆ ತಂದೆ. ‘ಗೋದಾಮಿನೊಡನೆ ಮಾತನಾಡುತ್ತ ಆಯುಷ್ಯ ಕಳೆಯಲಾಗದು, ಅಪ್ಪಾ’ ಎನ್ನುತ್ತಾಳೆ ಮಗಳು. ವ್ಯಾಪಾರ ಇಳಿದ ವರ್ಷಗಳಲ್ಲಿ ಅಕ್ಕಿ ಬೇಳೆಯನ್ನು ಅಳೆದಳೆದು ಸಂಸಾರ ತೂಗಿಸಿದ ತಾಯಿ ಸುಮ್ಮನೆ ಕುಳಿತಿದ್ದಾಳೆ.

ಈ ತಂದೆಯನ್ನು ಲೋಭಿಯೆಂದು ತಳ್ಳಿಹಾಕುವುದು ಅನ್ಯಾಯ. ಔಷಧಕ್ಕೆ ಹಣವಿಲ್ಲದ ಮನೆಯಲ್ಲಿ, ಸಾಲಗಾರನು ಬಾಗಿಲಲ್ಲಿ ನಿಂತ ಮನೆಯಲ್ಲಿ ಪತಿಪತ್ನಿಯರ ಸವಿಮಾತು ಬೇಗ ಬತ್ತುವುದನ್ನು ಅವರು ಕಂಡಿದ್ದಾರೆ. ಮಗಳನ್ನು ಅವಿವೇಕಿಯೆನ್ನುವುದೂ ಸಲ್ಲದು. ಸಂಪತ್ತು ತುಂಬಿದ ಮನೆಯಲ್ಲಿ ಒಂದು ಮಾತಿಗೂ ಬೆಲೆಯಿಲ್ಲದೆ ಬದುಕುವ ಹೆಣ್ಣುಮಕ್ಕಳನ್ನು ಅವಳೂ ಕಂಡಿದ್ದಾಳೆ. ಇಬ್ಬರ ಮಾತಿನಲ್ಲಿಯೂ ಸತ್ಯದ ಅಂಶವಿದೆ. ತನ್ನ ಅಂಶವೇ ಪೂರ್ಣಸತ್ಯವೆಂದು ಪಟ್ಟುಹಿಡಿದಾಗ ಮಾತ್ರ ಅದು ಏಕಾಂತವಾಗುತ್ತದೆ, ಮನೆಯಲ್ಲಿ ಕಲಹ ಹುಟ್ಟುತ್ತದೆ.

ಶ್ರಾವಕಧರ್ಮವು ಗೃಹಸ್ಥನಿಗೆ ದಾರಿದ್ರ್ಯವನ್ನು ವಿಧಿಸಿಲ್ಲ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ‘ಸಾಗಾರಧರ್ಮಾಮೃತ’ದಲ್ಲಿ ಗೃಹಸ್ಥನ ಅರ್ಹತೆಗಳನ್ನು ಹೇಳುವಾಗ ನ್ಯಾಯದಿಂದ ಗಳಿಸಿದ ಧನಕ್ಕೇ ಮೊದಲ ಸ್ಥಾನ ಕೊಟ್ಟಿದ್ದಾರೆ. ಧನ ಬೇಕು, ಆದರೆ ಅದು ಬಂದ ದಾರಿ ಶುದ್ಧವಾಗಿರಬೇಕು. ಇದರ ಮುಂದಿನ ಹೆಜ್ಜೆಯೇ ಪರಿಗ್ರಹಪರಿಮಾಣ ಅಣುವ್ರತ. ಹೊಲ ಮನೆ, ಬೆಳ್ಳಿ ಬಂಗಾರ, ಧನ ಧಾನ್ಯ ಮೊದಲಾದವುಗಳಿಗೆ ಶ್ರಾವಕನು ತಾನೇ ಒಂದು ಮಿತಿಯನ್ನು ಗೊತ್ತುಮಾಡಿಕೊಳ್ಳಬೇಕು. ಬೇರೆ ಯಾರೂ ಅದನ್ನು ಅವನ ಮೇಲೆ ಹೇರುವುದಿಲ್ಲ. ‘ತತ್ತ್ವಾರ್ಥಸೂತ್ರ’ವು ಪರಿಗ್ರಹದ ಮೂಲವನ್ನು ಮೂರ್ಛೆಯಲ್ಲಿ, ಅಂದರೆ ‘ನನ್ನದು’ ಎಂದು ಮೈಮರೆತು ಅಂಟಿಕೊಳ್ಳುವ ಭಾವದಲ್ಲಿ ಗುರುತಿಸುತ್ತದೆ. ಈ ಮೂರ್ಛೆ ಗೋದಾಮಿನ ಮೇಲೆ ಇರುವಂತೆ ವ್ಯಕ್ತಿಯ ಮೇಲೆಯೂ ಇರಬಲ್ಲದು. ಆದುದರಿಂದ ಸಂಬಂಧವನ್ನು ವಿಚಾರಿಸುವಾಗ ಎರಡು ಮಾತುಗಳನ್ನು ನೋಡಬೇಕಾಗುತ್ತದೆ: ಆರ್ಥಿಕ ಭದ್ರತೆಯೆಂದು ಕರೆಯುತ್ತಿರುವುದು ಅಗತ್ಯವೋ ಆಸೆಯೋ? ಪ್ರೇಮವೆಂದು ಕರೆಯುತ್ತಿರುವುದು ಗುಣಗೌರವವೋ ಮೋಹವೋ?

ಮಹಾಪುರಾಣದಲ್ಲಿ ಬರುವ ಸುಲೋಚನೆಯ ಸ್ವಯಂವರವನ್ನು ಇಲ್ಲಿ ನೆನೆಯುವುದು ಉಚಿತ. ಕಾಶಿಯ ಅರಸ ಅಕಂಪನನ ಮಗಳಾದ ಆಕೆಯ ಎದುರಿಗೆ ಭರತ ಚಕ್ರವರ್ತಿಯ ಮಗ ಅರ್ಕಕೀರ್ತಿಯೂ ಇದ್ದನು. ಚಕ್ರವರ್ತಿಯ ಸೇನಾಪತಿ, ಹಸ್ತಿನಾಪುರದ ಜಯಕುಮಾರನೂ ಇದ್ದನು. ಆಕೆಯ ಮಾಲೆ ಜಯಕುಮಾರನ ಕೊರಳಿಗೆ ಬಿದ್ದಿತು. ಅವಮಾನವಾಯಿತೆಂದು ಅರ್ಕಕೀರ್ತಿ ಯುದ್ಧಕ್ಕೆ ನಿಂತು ಸೋತನು. ಅಷ್ಟು ದೊಡ್ಡ ಒತ್ತಡದಲ್ಲಿಯೂ ಅಕಂಪನನು ಮಗಳ ಆಯ್ಕೆಯನ್ನು ಹಿಂತೆಗೆಯಲಿಲ್ಲ. ಭರತನಾದರೂ ಅಕಂಪನನ ಮೇಲೆ ಮುನಿಯದೆ ತನ್ನ ಮಗನದೇ ತಪ್ಪೆಂದನು. ಕನ್ನಡದಲ್ಲಿ ಮೂರನೆಯ ಮಂಗರಸನು ‘ಜಯನೃಪಕಾವ್ಯ’ದಲ್ಲಿ ಈ ಜಯಕುಮಾರನ ಕಥೆಯನ್ನೇ ಹಾಡಿದ್ದಾನೆ.

ಜಯಕುಮಾರನು ದರಿದ್ರನಲ್ಲವೆಂಬುದನ್ನು ಇಲ್ಲಿ ಮರೆಯಬಾರದು. ಅವನಿಗೆ ರಾಜ್ಯವಿತ್ತು, ಪರಾಕ್ರಮವಿತ್ತು. ಸುಲೋಚನೆಯ ಮುಂದಿದ್ದುದು ಸಾಕಷ್ಟು ಉಳ್ಳವನು ಮತ್ತು ಅದಕ್ಕಿಂತ ಬಹಳ ಹೆಚ್ಚು ಉಳ್ಳವನು. ಸಾಕಷ್ಟು ಎಂಬ ಗೆರೆಯನ್ನು ದಾಟಿದ ಮೇಲೆ ಮಿಕ್ಕ ಸಂಪತ್ತಿಗೆ ಹೆಣ್ಣಿನ ಮನಸ್ಸಿನ ಮೇಲೆ ಹಕ್ಕಿಲ್ಲವೆಂಬುದನ್ನು ಆ ಪ್ರಸಂಗದಿಂದ ಗ್ರಹಿಸಬಹುದು.

ಹಾಗೆಂದು ಮನಸ್ಸು ಹರಿದುದೆಲ್ಲವೂ ಪ್ರೇಮವಾಗದು. ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ಅಮೃತಮತಿಯು ಇರುಳಿನಲ್ಲಿ ಕೇಳಿಬಂದ ಹಾಡಿಗೆ ಸೋತು ಮಾವುತನಿಗೆ ಮನಸ್ಸನ್ನು ಒಪ್ಪಿಸಿದಳು, ಕೊನೆಗೆ ಪತಿಗೂ ಅತ್ತೆಗೂ ವಿಷವಿಕ್ಕುವವರೆಗೆ ಆ ಮೋಹ ಬೆಳೆಯಿತು. ಅರಮನೆಯ ಐಶ್ವರ್ಯ ಆ ದಾಂಪತ್ಯವನ್ನು ಕಾಯಲಿಲ್ಲ. ಕತ್ತಲಲ್ಲಿ ಹುಟ್ಟಿದ ರಾಗವಂತೂ ಯಾರನ್ನೂ ಕಾಯಲಿಲ್ಲ. ಬೆಳಕಿಗೆ ಬರಲು, ಹಿರಿಯರ ಪ್ರಶ್ನೆಗೆ ಉತ್ತರಿಸಲು, ಆರು ತಿಂಗಳು ಕಾಯಲು ಅಂಜುವ ಒಲವನ್ನು ಸಂಶಯದಿಂದ ನೋಡುವುದೇ ಲೇಸು.

ವ್ಯಾಪಾರಿ ಕುಟುಂಬಗಳು ಲೆಕ್ಕಪತ್ರದಲ್ಲಿ ನಿಪುಣವಾದವು. ಸಂಬಂಧ ನೋಡುವಾಗ ಮಾತ್ರ ಅರ್ಧ ಲೆಕ್ಕಕ್ಕೇ ತೃಪ್ತಿಪಡುತ್ತವೆ. ಅಂಗಡಿ ಎಷ್ಟು ಎಂದು ಕೇಳುತ್ತಾರೆ. ಅಂಗಡಿಯ ಮೇಲಿನ ಸಾಲವೆಷ್ಟು, ಪಾಲುದಾರರೆಷ್ಟು ಮಂದಿ, ಹುಡುಗನ ಪಾಲಿಗೆ ಬರುವುದೆಷ್ಟು ಎಂದು ಕೇಳಲು ಸಂಕೋಚಪಡುತ್ತಾರೆ. ಅಢಾವೆ ಪತ್ರಿಕೆ ಒಂದು ದಿನದ ಸ್ಥಿತಿಯನ್ನಷ್ಟೇ ತೋರಿಸಬಲ್ಲದು. 2020ರ ಮಾರ್ಚ್ 25ರಂದು ದೇಶವೆಲ್ಲ ಸ್ತಬ್ಧವಾದಾಗ ಜವಳಿ, ಪಾತ್ರೆ, ಚಿನ್ನಾಭರಣದ ಅಂಗಡಿಗಳು ವಾರಗಟ್ಟಲೆ ಬಾಗಿಲು ತೆರೆಯಲಿಲ್ಲ. ಖಾಸಗಿ ಶಾಲೆ ಕಾಲೇಜುಗಳ ಅನೇಕ ಅಧ್ಯಾಪಕರ ಸಂಬಳವೂ ಕಡಿತವಾಯಿತು. ಅಂತಹ ಕಾಲದಲ್ಲಿ ಮನೆಯನ್ನು ಎತ್ತಿಹಿಡಿಯುವುದು ಮಿತವ್ಯಯ, ದುಡಿಮೆ, ಪರಸ್ಪರ ಮುಚ್ಚುಮರೆಯಿಲ್ಲದ ನಡೆ. ಪೇಟೆಯಲ್ಲಿ ಪತ್ತು ಎನ್ನುವುದು ಇದನ್ನೇ. ಅಢಾವೆಯ ಯಾವ ಕಾಲಮಿನಲ್ಲಿಯೂ ಇದಕ್ಕೆ ಅಂಕಿಯಿಲ್ಲ.

ಉಪನ್ಯಾಸಕನ ಲೆಕ್ಕವನ್ನೂ ಅಷ್ಟೇ ನಿಷ್ಠುರವಾಗಿ ನೋಡಬೇಕು. ಸಂಬಳ 40,000 ರೂಪಾಯಿ ಎಂದಿಟ್ಟುಕೊಂಡರೆ ಬಾಡಿಗೆಗೆ 12,000, ತಂದೆತಾಯಿಯರ ಔಷಧಕ್ಕೆ 5,000, ಸಾಲದ ಕಂತಿಗೆ 8,000, ಮನೆಖರ್ಚಿಗೆ 10,000; ಉಳಿಯುವುದು 5,000. ಒಂದು ಕಾಯಿಲೆ ಬಂದರೆ ಇದು ಸಾಲದು. ಮಗಳು ತನ್ನ ಕೆಲಸವನ್ನು ಮುಂದುವರಿಸಿ 20,000 ತಂದರೆ ತಿಂಗಳಿಗೆ 25,000 ಉಳಿಯುತ್ತದೆ. ಸಾಲ ತೀರಿದ ಮೇಲೆ ಇನ್ನೂ 8,000. ಐಷಾರಾಮವಿಲ್ಲ, ಆದರೆ ಸಾಕು. ಆತನು ಈ ಲೆಕ್ಕವನ್ನು ತಾನಾಗಿಯೇ ಬಿಚ್ಚಿಟ್ಟನೋ, ಕೇಳಿದ ಮೇಲೆ ಒಂದೊಂದಾಗಿ ಹೊರಗೆ ಬಂದಿತೋ ಎಂಬುದನ್ನು ಗಮನಿಸಿದರೆ ಆತನ ವಿಷಯ ಬಹಳಷ್ಟು ತಿಳಿಯುತ್ತದೆ. ಸಾಲವನ್ನು ಮರೆಮಾಚುವವನು, ದುಡಿಯಲು ಮನಸ್ಸಿಲ್ಲದವನು ಎಷ್ಟು ಮಧುರವಾಗಿ ಮಾತನಾಡಿದರೂ ತಂದೆಯ ಆಕ್ಷೇಪಣೆ ನ್ಯಾಯವಾದುದೇ.

ಇನ್ನೊಂದು ಮಾತು ಹಿರಿಯರಿಗೆ ಕಹಿಯೆನಿಸಬಹುದು. ಅಳಿಯನಲ್ಲಿ ಹುಡುಕುವ ಭದ್ರತೆಯನ್ನು ತಂದೆ ತಾನೇ ಮಗಳಿಗೆ ಕೊಟ್ಟಿದ್ದಾನೆಯೇ? ಜೈನರಿಗೂ ಅನ್ವಯಿಸುವ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗೆ ಕರ್ನಾಟಕದಲ್ಲಿ 1994ರಲ್ಲಿ, ದೇಶಾದ್ಯಂತ 2005ರಲ್ಲಿ ಜಾರಿಗೆ ಬಂದ ತಿದ್ದುಪಡಿಗಳು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹಕ್ಕನ್ನು ಕೊಟ್ಟಿವೆ. ಸ್ತ್ರೀಧನವು ಪತ್ನಿಯ ಸ್ವಂತ ಆಸ್ತಿಯೆಂದು ಸರ್ವೋಚ್ಚ ನ್ಯಾಯಾಲಯ 1985ರಲ್ಲಿ ಸ್ಪಷ್ಟಪಡಿಸಿತು. ವರದಕ್ಷಿಣೆಯ ಕೊಡುಕೊಳ್ಳುವಿಕೆ 1961ರ ಕಾಯಿದೆಯಂತೆ ಅಪರಾಧ. ಇಷ್ಟಾದರೂ ಅನೇಕ ಮನೆಗಳಲ್ಲಿ ಮಗಳ ಪಾಲು ಒಂದು ದಿನದ ಮದುವೆಯ ಊಟ, ಮಂಟಪ, ದೀಪಾಲಂಕಾರಗಳಲ್ಲಿ ಕರಗುತ್ತದೆ. ಆಸ್ತಿಪತ್ರಕ್ಕೆ ಅವಳಿಂದ ಬಿಡುಗಡೆಯ ಸಹಿ ಹಾಕಿಸಿಕೊಳ್ಳಲಾಗುತ್ತದೆ. ಹೀಗೆ ಬರಿಗೈಯಲ್ಲಿ ಕಳುಹಿಸಿದ ಮೇಲೆ ಶ್ರೀಮಂತ ವರನೇ ಬೇಕೆನಿಸುವುದು ಸಹಜ. ವಿದ್ಯೆ, ಉದ್ಯೋಗ, ತನ್ನ ಹೆಸರಿನ ಪಾಲು ಇರುವ ಮಗಳಿಗೆ ಭದ್ರತೆಗಾಗಿ ಮನಸ್ಸನ್ನು ಮಾರಬೇಕಾದ ಪ್ರಸಂಗವೇ ಬಾರದು.

ಈ ದಿಸೆಯಲ್ಲಿ ಬಸದಿಗಳ ವಿಶ್ವಸ್ತ ಮಂಡಳಿಗಳೂ ಮಾಡಬಹುದಾದ ಕಾರ್ಯವಿದೆ. ವಧೂವರರ ಸಮಾವೇಶಗಳ ಪರಿಚಯಪತ್ರದಲ್ಲಿ ವಾರ್ಷಿಕ ಆದಾಯದ ಅಂಕಣ ತಪ್ಪದೆ ಇರುತ್ತದೆ. ದುಶ್ಚಟಗಳಿಂದ ದೂರವಿರುವ ಬಗೆ, ಸಾಲದ ವಿವರ, ವಧುವಿನ ಉದ್ಯೋಗದ ಬಗೆಗಿನ ಅಭಿಪ್ರಾಯ ಇವಕ್ಕೂ ಸ್ಥಳವಿರಲಿ. ಬಸದಿಯ ಸಭಾಭವನದಲ್ಲಿ ಸರಳ ವಿವಾಹ ಮಾಡುವವರಿಗೆ ಮೊದಲ ಆದ್ಯತೆ ದೊರೆಯಲಿ. ಶ್ರೀಮಂತರೇ ಮೊದಲು ಸರಳ ವಿವಾಹಕ್ಕೆ ಮುಂದಾದರೆ ಮಧ್ಯಮವರ್ಗದವರ ಸಂಕೋಚ ತಾನಾಗಿಯೇ ಕಳೆಯುತ್ತದೆ.

ಮತ್ತೆ ಆ ಜವಳಿ ವ್ಯಾಪಾರಿಯ ಮನೆಗೆ ಬಂದರೆ, ಅಲ್ಲಿಯವರೆಗೆ ಮಾತನಾಡದ ತಾಯಿಯ ಅನುಭವವೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಕೊರತೆಯ ವರ್ಷಗಳನ್ನು ಆಕೆ ದಾಟಿದ್ದು ಪತಿಯು ದಿನದ ವಸೂಲಿಯನ್ನೂ ಬಾಕಿಯನ್ನೂ ಅವಳೆದುರು ಬಚ್ಚಿಡದೆ ಹೇಳುತ್ತಿದ್ದುದರಿಂದ. ಆ ಕಾಲದಲ್ಲಿ ಹಣ ಸ್ವಲ್ಪವೇ ಇತ್ತು, ನಂಬಿಕೆ ಕಡಿಮೆಯಾಗಿರಲಿಲ್ಲ. ಅದನ್ನು ನೆನೆದು ತಂದೆಯು ‘ಅವನಿಗೆ ಎಷ್ಟಿದೆ?’ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ‘ನಿಮ್ಮಿಬ್ಬರಿಗೆ ಎಷ್ಟು ಸಾಕು, ಮಗಳೇ?’ ಎಂದು ಕೇಳಲಿ. ಮಗಳು ಆ ಪ್ರಶ್ನೆಗೆ ಕಾಗದ ಲೇಖನಿ ಹಿಡಿದು ಪ್ರಾಮಾಣಿಕವಾಗಿ ಉತ್ತರ ಬರೆಯಲಿ. ಆ ಕಾಗದದ ಮುಂದೆ ತಂದೆ ಮಗಳು ಒಟ್ಟಿಗೆ ಕುಳಿತರೆ ಯಾವ ಸಂಬಂಧವನ್ನು ಒಪ್ಪಿದರೂ ಅದು ವಿವೇಕದ ನಿರ್ಣಯವಾಗುತ್ತದೆ. ಆ ಮನೆಯಲ್ಲಿ ಪರಿಗ್ರಹಪರಿಮಾಣವ್ರತವು ಮದುವೆಗೆ ಮುನ್ನವೇ ಆರಂಭವಾದಂತೆಯೂ ಆಗುತ್ತದೆ.