ಮರೆಯಲ್ಲಿರುವುದನ್ನು ಕೇಳುವುದು ಹೇಗೆ?

ಸಾರ್ವಜನಿಕ ಹಣದಲ್ಲಿ ನಡೆಯುವ ಗ್ರಂಥಾಲಯದಲ್ಲಿ ಓದುಗರು ಏನನ್ನು ನೋಡಬಹುದು, ಏನನ್ನು ನೋಡಬಾರದು ಎಂದು ತೀರ್ಮಾನಿಸುವವರು ಯಾರು? ಇಂಟರ್ನೆಟ್ ಬಂದ ಮೇಲೆ ಅಮೆರಿಕದಲ್ಲಿ ಈ ಪ್ರಶ್ನೆ ಕೋರ್ಟಿನ ಮೆಟ್ಟಿಲೇರಿತು. 1996ರ ದೂರಸಂಪರ್ಕ ಕಾಯ್ದೆಯಿಂದಾಗಿ ಅಲ್ಲಿನ ಶಾಲೆ, ಗ್ರಂಥಾಲಯಗಳಿಗೆ ಇಂಟರ್ನೆಟ್ ವೆಚ್ಚದಲ್ಲಿ ಶೇ. 20ರಿಂದ 90ರವರೆಗೆ ರಿಯಾಯಿತಿ ಸಿಗತೊಡಗಿತು. ಬಡತನ ಹೆಚ್ಚಿದ್ದಲ್ಲಿ ರಿಯಾಯಿತಿಯೂ ಹೆಚ್ಚು. 2000ದ ಮಕ್ಕಳ ಇಂಟರ್ನೆಟ್ ರಕ್ಷಣಾ ಕಾಯ್ದೆ ಆ ನೆರವಿಗೆ ಷರತ್ತು ಹಾಕಿತು: ಅಶ್ಲೀಲ ಚಿತ್ರಗಳನ್ನು ತಡೆಯುವ ಫಿಲ್ಟರ್ ಕಂಪ್ಯೂಟರುಗಳಲ್ಲಿ ಇರಲೇಬೇಕು. ಮನೆಯಲ್ಲಿ ಕಂಪ್ಯೂಟರ್ ಇಲ್ಲದೆ ಗ್ರಂಥಾಲಯವನ್ನೇ ನೆಚ್ಚಿದವರ ಮೇಲೆ ಇದರ ಭಾರ ಹೆಚ್ಚು ಬಿತ್ತು.

ಮಕ್ಕಳ ಮಟ್ಟಿಗೆ ತಾತ್ವಿಕ ತಕರಾರು ಕಡಿಮೆ. 1859ರಲ್ಲಿ ವ್ಯಕ್ತಿಸ್ವಾತಂತ್ರ್ಯದ ಪರವಾಗಿ ವಾದಿಸಿದ ಜಾನ್ ಸ್ಟುವರ್ಟ್ ಮಿಲ್ ಕೂಡ ಪ್ರಾಯಕ್ಕೆ ಬರದವರನ್ನು ಆ ವಾದದಿಂದ ಹೊರಗಿಟ್ಟಿದ್ದ. ತೊಡಕಿರುವುದು ದೊಡ್ಡವರ ವಿಷಯದಲ್ಲಿ. ಕಾಯ್ದೆ ತಡೆಯಲು ಹೇಳಿದ್ದು ಚಿತ್ರಗಳನ್ನು; ಅಂದಿನ ಫಿಲ್ಟರ್‌ಗಳು ನೆಚ್ಚಿದ್ದು ಪದಗಳನ್ನು, ವಿಳಾಸಗಳ ಪಟ್ಟಿಯನ್ನು. ಸ್ತನ ಕ್ಯಾನ್ಸರಿನ ಬಗ್ಗೆ ತಿಳಿಯಲು ಬಂದ ಹೆಂಗಸಿಗೂ ಬಾಗಿಲು ಮುಚ್ಚಬಹುದಿತ್ತು.

ಅಮೆರಿಕದ ಗ್ರಂಥಾಲಯ ಸಂಘ ದಾವೆ ಹೂಡಿತು. 2002ರಲ್ಲಿ ಫಿಲಡೆಲ್ಫಿಯಾದ ಕೋರ್ಟು ಗ್ರಂಥಾಲಯಗಳ ಮೇಲಿನ ಷರತ್ತನ್ನು ರದ್ದುಮಾಡಿತು. ಮರುವರ್ಷ ಸುಪ್ರೀಂ ಕೋರ್ಟ್ 6–3 ಮತಗಳಿಂದ ಆ ಷರತ್ತನ್ನು ಎತ್ತಿಹಿಡಿಯಿತು. ಯಾವ ಪುಸ್ತಕ ಕೊಳ್ಳಬೇಕೆಂದು ಆರಿಸುವ ಅಧಿಕಾರ ಗ್ರಂಥಾಲಯಕ್ಕೆ ಹೇಗೂ ಇದೆ, ಇದೂ ಅಂಥದ್ದೇ ಎಂದರು ಮುಖ್ಯ ನ್ಯಾಯಮೂರ್ತಿ ರೆನ್‌ಕ್ವಿಸ್ಟ್. ಭಿನ್ನಮತ ಬರೆದ ನ್ಯಾಯಮೂರ್ತಿ ಸೌಟರ್ ಪ್ರಕಾರ ಇದು ವಿಶ್ವಕೋಶ ಕೊಂಡುತಂದು, ಬೇಡವೆನಿಸಿದ ಭಾಗಗಳನ್ನು ಕತ್ತರಿಸಿದ ಹಾಗೆ. ಸೌಟರ್ ಮಾತೇ ಹೆಚ್ಚು ಸರಿ: ಕೊಳ್ಳದ ಪುಸ್ತಕಕ್ಕೆ ಹಣವಿಲ್ಲ, ಜಾಗವಿಲ್ಲ ಎಂಬ ಕಾರಣವಿರುತ್ತದೆ, ಆಗಲೇ ಬಂದಿರುವ ಪುಟವನ್ನು ಮರೆಮಾಡಲು ಆ ಕಾರಣಗಳಿಲ್ಲ.

ದೊಡ್ಡವರು ಕೇಳಿದರೆ ಫಿಲ್ಟರ್ ತೆಗೆಯಬಹುದಲ್ಲ ಎಂಬುದು ಬಹುಮತದ ಸಮಾಧಾನ. ಕೇಳಲು ಮುಜುಗರವಾದರೆ? ಮುಜುಗರವಿಲ್ಲದೆ ಮಾಹಿತಿ ಪಡೆಯುವ ಹಕ್ಕನ್ನು ಸಂವಿಧಾನ ಕೊಟ್ಟಿಲ್ಲ ಎಂದರು ರೆನ್‌ಕ್ವಿಸ್ಟ್. ಆದರೆ ಮುಜುಗರಕ್ಕಿಂತ ದೊಡ್ಡ ಅಡ್ಡಿಯನ್ನು ನ್ಯಾಯಮೂರ್ತಿ ಸ್ಟೀವನ್ಸ್ ಗುರುತಿಸಿದ್ದರು: ಏನನ್ನು ಮರೆಮಾಡಲಾಗಿದೆ ಎಂದೇ ಗೊತ್ತಿಲ್ಲದವರು ಏನೆಂದು ಕೇಳಿಯಾರು? ಪ್ಲೇಟೋನ ಸಂವಾದದಲ್ಲಿ ಮೆನೊ ಸಾಕ್ರೆಟಿಸನಿಗೆ ಹಾಕಿದ ಪ್ರಶ್ನೆಯೂ ಇದಕ್ಕೆ ಹತ್ತಿರದ್ದೇ: ಏನೆಂದೇ ತಿಳಿಯದ್ದನ್ನು ಹುಡುಕುವುದು ಹೇಗೆ? ಅಲ್ಲಿ ಅಜ್ಞಾನ ಮನುಷ್ಯನಿಗೆ ಸಹಜವಾಗಿದ್ದದ್ದು. ಇಲ್ಲಿ ಸರ್ಕಾರದ ಷರತ್ತು ಹುಟ್ಟಿಸಿದ್ದು. ಹಾಗಾಗಿ ತಡೆದದ್ದು ಯಾವ ಪುಟ, ಯಾವ ಕಾರಣಕ್ಕೆ ಎಂಬುದು ಓದುಗರಿಗೆ ತೆರೆಯ ಮೇಲೆ ಕಾಣಬೇಕು. ದೊಡ್ಡವರು ಕಾರಣ ಹೇಳದೆ, ಯಾರ ಅಪ್ಪಣೆಗೂ ಕಾಯದೆ ಫಿಲ್ಟರ್ ತೆಗೆಯುವಂತಿರಬೇಕು.